ನಿಧಾನಗತಿಯ ಶ್ವಾಸಕೋಶ ಕ್ಯಾನ್ಸರ್: ಒಂದು ಸ್ಕ್ಯಾನ್‌ನಿಂದ ಇನ್ನೊಂದರವರೆಗೆ ಏನೇನು ಮಾಡಬೇಕು

ಕ್ಯಾನ್ಸರ್ ಇರಬಹುದು ಎಂದ ವೈದ್ಯರೇ ‘ಈಗಲೇ ಏನೂ ಬೇಡ, ಆರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ’ ಎಂದರೆ ಮನೆಯವರಿಗೆ ದಿಕ್ಕು ತೋಚುವುದಿಲ್ಲ. ವೈದ್ಯರು ಕೈಬಿಟ್ಟರು ಎಂದು ಒಬ್ಬರು ಅಳುತ್ತಾರೆ. ಇವರಿಗೆ ಗೊತ್ತಾಗಿಲ್ಲ, ಮುಂಬೈಗೆ ಹೋಗೋಣ ಎಂದು ಇನ್ನೊಬ್ಬರು ಹಟ ಹಿಡಿಯುತ್ತಾರೆ. ಸಂಜೆಯೊಳಗೆ ಯಾರೋ ನಾಟಿ ಔಷಧಿಯವರ ವಿಳಾಸ ಹಿಡಿದು ಬರುತ್ತಾರೆ. ಬಾಗಲಕೋಟೆಯ ನಮ್ಮ ಮನೆಯಲ್ಲೂ ಇದೆಲ್ಲ ನಡೆಯಿತು. ಬೀಡಿ, ತಂಬಾಕು ಯಾವುದನ್ನೂ ಮುಟ್ಟದೆ, ಅರ್ಧ ಆಯುಷ್ಯವನ್ನು ಕಟ್ಟಿಗೆ ಒಲೆಯ ಮುಂದೆ ಕಳೆದ ನಮ್ಮ ಅವ್ವನ ಶ್ವಾಸಕೋಶದ ಕಲೆಯನ್ನು ಕೆಲವು ವರ್ಷಗಳಿಂದ ಸ್ಕ್ಯಾನ್ ಮೂಲಕ ಗಮನಿಸುತ್ತ ಬಂದಿದ್ದೇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇದೇ ದಾರಿಯಲ್ಲಿರುವ ಮನೆಗಳಿಗೆ ಕೆಲಸಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ನಿಧಾನಿಯಲ್ಲ. ನಿಮ್ಮ ವೈದ್ಯರು ಶಸ್ತ್ರಚಿಕಿತ್ಸೆ, ಕಿಮೊ ಅಥವಾ ಮಾತ್ರೆ ಈಗಲೇ ಬೇಕು ಎಂದಿದ್ದರೆ ಈ ಲೇಖನವನ್ನು ನೆಪ ಮಾಡಿಕೊಂಡು ಒಂದು ದಿನವೂ ತಡ ಮಾಡಬೇಡಿ. ಗಮನಿಸುತ್ತ ಹೋಗೋಣ ಎಂದು ವೈದ್ಯರೇ ತೀರ್ಮಾನಿಸಿದ ರೋಗಿಗಳಿಗೆ ಮಾತ್ರ ಮುಂದಿನ ಮಾತುಗಳು ಅನ್ವಯಿಸುತ್ತವೆ.

ಯಾಕೆ ಕಾಯುತ್ತಿದ್ದೇವೆ ಎಂದು ಕೇಳಿ ತಿಳಿದುಕೊಳ್ಳಿ

ಕಾಯುವುದಕ್ಕೆ ಕಾರಣ ಎಲ್ಲರಿಗೂ ಒಂದೇ ಅಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ಕೆಲವರಿಗೆ ಗಟ್ಟಿ ಗಂಟಿನ ಬದಲು, ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಮಬ್ಬಿನಂಥ ಕಲೆ ಕಾಣುತ್ತದೆ. ವರದಿಯಲ್ಲಿ ಇದನ್ನು ‘ಗ್ರೌಂಡ್ ಗ್ಲಾಸ್’ ಎಂದು ಬರೆದಿರುತ್ತಾರೆ. ಇಂಥ ಕಲೆ ಸೋಂಕಿನಿಂದ ಬಂದದ್ದಾದರೆ ಕೆಲವು ವಾರಗಳಲ್ಲಿ ತಾನೇ ಮಾಯವಾಗುತ್ತದೆ. ಉಳಿದುಕೊಂಡರೆ ಅದು ಅಡಿನೊಕಾರ್ಸಿನೋಮಾ ಎಂಬ ಕ್ಯಾನ್ಸರ್‌ನ ತೀರಾ ಆರಂಭದ ರೂಪವಾಗಿರಬಹುದು, ಅದಕ್ಕೂ ಮುಂಚಿನ ಬದಲಾವಣೆಯೂ ಆಗಿರಬಹುದು. ಎಷ್ಟೋ ಕಲೆಗಳು ವರ್ಷಗಟ್ಟಲೆ ಇದ್ದಲ್ಲೇ ಇರುತ್ತವೆ. ಕಾರ್ಸಿನಾಯ್ಡ್ ಎಂಬ ಇನ್ನೊಂದು ಬಗೆಯ ಗಡ್ಡೆಯೂ ಸಾಮಾನ್ಯವಾಗಿ ಮಂದಗತಿಯದು. ಎರಡೂ ಶ್ವಾಸಕೋಶಗಳಲ್ಲಿ ಹಲವು ಕಲೆಗಳಿರುವವರು, ವಯಸ್ಸು ಅಥವಾ ಹೃದಯದ ತೊಂದರೆಯಿಂದ ಶಸ್ತ್ರಚಿಕಿತ್ಸೆ ತಡೆಯಲಾರದವರು, ಚಿಕಿತ್ಸೆ ಮುಗಿಸಿದವರು, ಮಾತ್ರೆಯ ಮೇಲೆ ರೋಗವನ್ನು ಹತೋಟಿಯಲ್ಲಿಟ್ಟುಕೊಂಡವರು, ಇವರೂ ಸ್ಕ್ಯಾನ್‌ನಿಂದ ಸ್ಕ್ಯಾನ್‌ಗೆ ನಡೆಯುವವರೇ. ನೀವು ಇದರಲ್ಲಿ ಯಾವ ಗುಂಪಿಗೆ ಸೇರುತ್ತೀರಿ ಎಂಬುದನ್ನು ವೈದ್ಯರಿಂದಲೇ ಒಂದು ಸಾಲಿನಲ್ಲಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಮುಂದೆ ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ ಆ ಒಂದು ಸಾಲು ನಿಮ್ಮ ಅರ್ಧ ಗಂಟೆಯ ವಿವರಣೆಯನ್ನು ಉಳಿಸುತ್ತದೆ.

ಕ್ಷಯದ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಭಾಗದಲ್ಲಿ ಎಕ್ಸ್‌ರೇಯಲ್ಲಿ ನೆರಳು ಕಂಡರೆ ಮೊದಲು ಬಾಯಿಗೆ ಬರುವ ಹೆಸರು ಟಿ.ಬಿ. ಅದು ತಪ್ಪೂ ಅಲ್ಲ, ಟಿ.ಬಿ. ನಮ್ಮಲ್ಲಿ ಅಷ್ಟು ಇದೆ. ಆದರೆ ಕಫ ಪರೀಕ್ಷೆ ಮಾಡದೆ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗಿಸುವುದು ತಪ್ಪು. ಸಿಬಿನಾಟ್ ಕಫ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ಆಗುತ್ತದೆ, ಅದನ್ನು ಕೇಳಿ ಮಾಡಿಸಿ. ಟಿ.ಬಿ. ಔಷಧಿ ಮುಗಿದರೂ ನೆರಳು ಕರಗದಿದ್ದರೆ ಸಿ.ಟಿ. ಬೇಕೇ ಬೇಕು. ಇದರ ಇನ್ನೊಂದು ಮಗ್ಗುಲೂ ಇದೆ. ವಿಕಿರಣ ಸೂಸುವ ಸಕ್ಕರೆಯಂಥ ಔಷಧಿ ಚುಚ್ಚಿ, ಅದನ್ನು ಹೆಚ್ಚು ಹೀರಿಕೊಂಡ ಜಾಗ ಹೊಳೆಯುವಂತೆ ತೆಗೆಯುವ ಪೆಟ್ ಸ್ಕ್ಯಾನ್‌ನಲ್ಲಿ ಟಿ.ಬಿ.ಯ ಗಂಟು ಕ್ಯಾನ್ಸರ್‌ನಂತೆಯೇ ಹೊಳೆಯಬಹುದು, ನಿಧಾನ ಬೆಳೆಯುವ ನಿಜವಾದ ಕ್ಯಾನ್ಸರ್ ಹೊಳೆಯದೇ ಇರಬಹುದು. ಆದ್ದರಿಂದ ಬರೀ ಪೆಟ್ ಸ್ಕ್ಯಾನ್ ನೋಡಿ ಹೆದರುವುದೂ ಬೇಡ, ನಿರಾಳವಾಗುವುದೂ ಬೇಡ.

ಮೊದಲ ಸ್ಕ್ಯಾನ್‌ನ ಸಿ.ಡಿ. ಚಿನ್ನಕ್ಕಿಂತ ಹೆಚ್ಚು

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒಂದು ಸ್ಕ್ಯಾನ್ ಒಂಟಿಯಾಗಿ ಹೇಳುವುದು ಬಹಳ ಕಡಿಮೆ. ಕಲೆ ಬೆಳೆಯುತ್ತಿದೆಯೇ, ನಿಂತಿದೆಯೇ ಎಂಬುದು ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಿದಾಗಲೇ ತಿಳಿಯುತ್ತದೆ. ಹಳೆಯದು ಕಳೆದುಹೋದರೆ ಕಾದ ವರ್ಷಗಳೆಲ್ಲ ವ್ಯರ್ಥ, ಮತ್ತೆ ಮೊದಲಿನಿಂದ ಶುರು.

ನಮ್ಮ ಜನ ಜೋಪಾನ ಮಾಡುವುದು ದೊಡ್ಡ ಕಪ್ಪು ಫಿಲ್ಮ್‌ಗಳನ್ನು. ಹಾಸಿಗೆಯ ಕೆಳಗೆ, ಟ್ರಂಕಿನ ತಳದಲ್ಲಿ ಇಟ್ಟ ಫಿಲ್ಮ್ ವಿಜಯಪುರದ ಬೇಸಿಗೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅಂಟದೆ ಉಳಿದರೂ ಅದರಲ್ಲಿರುವುದು ಆಯ್ದ ಕೆಲವು ಚಿತ್ರಗಳು ಮಾತ್ರ. ಎಂಟು ಮಿಲಿಮೀಟರ್‌ನ ಕಲೆಯನ್ನು ಅಳೆಯಲು ವೈದ್ಯರಿಗೆ ಬೇಕಾಗಿರುವುದು ಸಿ.ಡಿ.ಯಲ್ಲಿರುವ ಪೂರ್ತಿ ಚಿತ್ರಗಳು, ಅದೂ ಒಂದು, ಒಂದೂವರೆ ಮಿಲಿಮೀಟರ್ ತೆಳುವಾದ ಪದರಗಳು. ಆದ್ದರಿಂದ ಸ್ಕ್ಯಾನ್ ಕೇಂದ್ರದಲ್ಲಿ ‘ತೆಳು ಪದರದ ಡೈಕಾಮ್ ಚಿತ್ರಗಳನ್ನೆಲ್ಲ ಸಿ.ಡಿ.ಗೆ ಹಾಕಿಕೊಡಿ’ ಎಂದು ಇದೇ ಮಾತಿನಲ್ಲಿ ಕೇಳಿ. ಡೈಕಾಮ್ ಎಂದರೆ ಸ್ಕ್ಯಾನ್ ಯಂತ್ರದ ಮೂಲ ಚಿತ್ರಗಳನ್ನು ಉಳಿಸಿಡುವ ಕಂಪ್ಯೂಟರ್ ರೂಪ. ಹಣ ಕಟ್ಟುವಾಗಲೇ ಕೇಳುವುದು ಒಳ್ಳೆಯದು. ವಾರಗಳಾದ ಮೇಲೆ ಹೋದರೆ ಯಂತ್ರದಿಂದ ಅಳಿಸಿಹೋಗಿರಬಹುದು.

ಮನೆಗೆ ಬಂದ ದಿನವೇ ಸಿ.ಡಿ.ಯನ್ನು ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿಸಿ. ಊರಿನಲ್ಲಿ ಜೆರಾಕ್ಸ್ ಅಂಗಡಿಯವರು ಮಾಡಿಕೊಡುತ್ತಾರೆ. ಒಂದು ಪ್ರತಿ ರೋಗಿಯ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗನ ಅಥವಾ ಮಗಳ ಬಳಿ ಇರಲಿ. ಅವ್ವನ ಚೀಲ ಹೀಗಿದೆ: ದಪ್ಪ ಪ್ಲಾಸ್ಟಿಕ್ ಫೋಲ್ಡರ್, ಒಳಗೆ ಒಂದೊಂದು ಸ್ಕ್ಯಾನ್‌ಗೆ ಒಂದೊಂದು ಕಾಗದದ ಲಕೋಟೆ. ಲಕೋಟೆಯ ಮೇಲೆ ದಿನಾಂಕ, ಕೇಂದ್ರದ ಹೆಸರು, ಕಲೆಯ ಅಳತೆ ದಪ್ಪ ಪೆನ್ನಿನಲ್ಲಿ. ಮೊದಲ ಸ್ಕ್ಯಾನ್‌ನ ಲಕೋಟೆಗೆ ಅವ್ವ ತಾನೇ ಅರಿಶಿನ ಕುಂಕುಮ ಹಚ್ಚಿದ್ದಾಳೆ, ಚೀಲದಲ್ಲಿ ಕೈಯಾಡಿಸಿದ ಕೂಡಲೇ ಅದು ಸಿಗುತ್ತದೆ. ಮೊಬೈಲ್‌ನಲ್ಲಿ ಫಿಲ್ಮ್‌ನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡುವುದರಿಂದ ವೈದ್ಯರಿಗೆ ಅಳತೆ ಸಿಗುವುದಿಲ್ಲ. ವರದಿಯ ಕಾಗದವನ್ನು ಮಾತ್ರ ಫೋಟೊ ತೆಗೆದಿಡಿ. ಸರ್ಕಾರ ಕೊಡುವ ಹದಿನಾಲ್ಕು ಅಂಕಿಗಳ ಆರೋಗ್ಯ ಗುರುತಿನ ಸಂಖ್ಯೆ, ಅಂದರೆ ಆಭಾ ಸಂಖ್ಯೆ ಮಾಡಿಸಿಕೊಂಡಿದ್ದರೆ ವರದಿಗಳನ್ನು ಅದಕ್ಕೆ ಜೋಡಿಸಿಯೂ ಇಡಬಹುದು.

ಎಷ್ಟು ದಿನಕ್ಕೊಮ್ಮೆ

ಇದನ್ನು ತೀರ್ಮಾನಿಸಬೇಕಾದವರು ನಿಮ್ಮ ವೈದ್ಯರು. ಅವರ ಮಾತು ಅರ್ಥವಾಗಲಿ ಎಂದು ಒಂದು ಚೌಕಟ್ಟನ್ನಷ್ಟೇ ಕೊಡುತ್ತೇನೆ. ಕ್ಯಾನ್ಸರ್ ಎಂದು ಇನ್ನೂ ಖಚಿತವಾಗದ ಗಂಟುಗಳಿಗೆ ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಶ್ನರ್ ಸೊಸೈಟಿ 2017ರಲ್ಲಿ ಕೊಟ್ಟ ಸೂಚನೆಗಳನ್ನು ಜಗತ್ತಿನ ಹಲವು ರೇಡಿಯಾಲಜಿಸ್ಟರು, ಅಂದರೆ ಸ್ಕ್ಯಾನ್ ಓದಿ ವರದಿ ಬರೆಯುವ ವೈದ್ಯರು, ಬಳಸುತ್ತಾರೆ. ಪೂರ್ತಿ ಮಬ್ಬಾಗಿರುವ, 6 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಾದ ಒಂದೇ ಕಲೆಯಿದ್ದರೆ 6ರಿಂದ 12 ತಿಂಗಳೊಳಗೆ ಒಮ್ಮೆ, ಬಳಿಕ ಎರಡು ವರ್ಷಕ್ಕೊಮ್ಮೆ, ಒಟ್ಟು ಐದು ವರ್ಷ ನೋಡಬೇಕು. ಮಬ್ಬಿನೊಳಗೆ ಗಟ್ಟಿ ಭಾಗವೂ ಇದ್ದರೆ 3ರಿಂದ 6 ತಿಂಗಳಿಗೆ ಮೊದಲ ಮರುಪರೀಕ್ಷೆ. ಬದಲಾವಣೆಯಿಲ್ಲದೆ ಗಟ್ಟಿ ಭಾಗ 6 ಮಿ.ಮೀ.ಗಿಂತ ಕಡಿಮೆಯೇ ಇದ್ದರೆ ವರ್ಷಕ್ಕೊಮ್ಮೆಯಂತೆ ಐದು ವರ್ಷ. ಶಸ್ತ್ರಚಿಕಿತ್ಸೆ ಆದವರನ್ನು ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡುತ್ತಾರೆ. ಮಾತ್ರೆ ನಡೆಯುತ್ತಿದ್ದರೆ ಅಂತರ ಇನ್ನೂ ಕಡಿಮೆ.

ನಮ್ಮ ಹಳ್ಳಿಗಳಲ್ಲಿ ‘ಬನದ ಹುಣ್ಣಿಮೆಗೆ ಬರಲು ಹೇಳಿದ್ದಾರೆ’, ‘ಕಾರ ಹುಣ್ಣಿಮೆ ಮುಗಿದ ಮೇಲೆ’ ಎಂದು ನೆನಪಿಟ್ಟುಕೊಳ್ಳುವ ರೂಢಿ. ಅಧಿಕ ಮಾಸ ಬಂದ ವರ್ಷ ಹುಣ್ಣಿಮೆ ಮುಂದಕ್ಕೆ ಹೋಗುತ್ತದೆ, ಅದರ ಜೊತೆ ಸ್ಕ್ಯಾನೂ ಹೋಗುತ್ತದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಇಂಗ್ಲಿಷ್ ತಾರೀಖಿಗೆ ಸುತ್ತು ಹಾಕಿ, ಹೊಸ ಕ್ಯಾಲೆಂಡರ್ ಬಂದಾಗ ಗುರುತನ್ನು ಅದಕ್ಕೆ ಇಳಿಸಿಕೊಳ್ಳಿ. ಕಬ್ಬು ಕಟಾವಿನ ಹೊತ್ತಿನಲ್ಲಿ ಸರದಿ ಬಂದರೆ ಎರಡು ವಾರ ಹಿಂದೆ ಮುಂದೆ ಆಗಬಹುದು, ನಿಧಾನಗತಿಯ ಕಲೆಗೆ ಅದರಿಂದ ವ್ಯತ್ಯಾಸವಾಗದು. ‘ಕಾರ್ಖಾನೆ ಬಿಲ್ಲು ಬರಲಿ’ ಎಂದು ವರ್ಷ ತಳ್ಳುವುದು ಮಾತ್ರ ಬೇಡ. ಸುಮ್ಮನೆ ಧೈರ್ಯಕ್ಕೆಂದು ಅವಧಿಗೆ ಮುಂಚೆ ಮಾಡಿಸುವುದೂ ಬೇಡ. ಎರಡು ತಿಂಗಳಲ್ಲಿ ಇಂಥ ಕಲೆ ಏನನ್ನೂ ಹೇಳುವುದಿಲ್ಲ, ಹಣ ಮಾತ್ರ ಹೋಗುತ್ತದೆ.

ಜ್ವರ, ಕಫ, ನ್ಯುಮೋನಿಯಾ ಆಗಿದ್ದರೆ ಸ್ಕ್ಯಾನ್‌ಗೆ ಮುಂಚೆ ವೈದ್ಯರಿಗೆ ಫೋನ್ ಮಾಡಿ. ಸೋಂಕಿನ ಗುರುತುಗಳು ಆರೆಂಟು ವಾರ ಉಳಿದು, ಹೊಸ ಕಲೆ ಬಂದಿತೆಂದು ಗಾಬರಿ ಹುಟ್ಟಿಸುತ್ತವೆ.

ವಿಕಿರಣದ ಭಯ ಹಲವರಿಗಿದೆ. ಮೈಗೆ ತಾಗುವ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಎದೆಯ ಸಾಮಾನ್ಯ ಸಿ.ಟಿ.ಯಲ್ಲಿ ಸುಮಾರು 5ರಿಂದ 7 ಮಿಲಿಸೀವರ್ಟ್, ಕಡಿಮೆ ಪ್ರಮಾಣದ ‘ಲೋ ಡೋಸ್’ ಸಿ.ಟಿ.ಯಲ್ಲಿ ಒಂದೂವರೆಯ ಆಸುಪಾಸು. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಾಗುತ್ತದೆ. ಬರೀ ಕಲೆಯ ಅಳತೆಗೆ ಲೋ ಡೋಸ್ ಸಾಕೇ, ಚಿತ್ರ ಎದ್ದು ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಬಣ್ಣದ ಔಷಧಿ (ಕಾಂಟ್ರಾಸ್ಟ್) ಬೇಡವೇ ಎಂದು ಕೇಳಿ. ಹಲವು ಸಲ ಸಾಕು ಎಂಬ ಉತ್ತರವೇ ಸಿಗುತ್ತದೆ.

ಎಲ್ಲಿ ಮಾಡಿಸುವುದು

ಒಂದೇ ಕೇಂದ್ರ, ಸಾಧ್ಯವಾದರೆ ಒಂದೇ ಯಂತ್ರ. ಯಂತ್ರ ಬದಲಾದರೆ ಅಳತೆಯೂ ಕೊಂಚ ಬದಲಾಗುತ್ತದೆ. ಬೆಳಗಾವಿಯವರಿಗೆ ಸರ್ಕಾರಿ ವೈದ್ಯಕೀಯ ಕಾಲೇಜಾದ ಬಿಮ್ಸ್‌ನ ಆಸ್ಪತ್ರೆ ಮತ್ತು ಕೆ.ಎಲ್.ಇ. ಡಾ. ಪ್ರಭಾಕರ ಕೋರೆ ಆಸ್ಪತ್ರೆ ಇವೆ. ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯೂ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಬಾಗಲಕೋಟೆಯಲ್ಲಿ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿ.ಎಲ್.ಡಿ.ಇ.ಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಕ್ಯಾನ್ಸರ್ ತಜ್ಞರ ಅಭಿಪ್ರಾಯಕ್ಕೆ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಗೆ, ಮೀರಜ್‌ನ ಶ್ರೀ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆಗೆ, ಬೆಂಗಳೂರಿನ ಕಿದ್ವಾಯಿಗೆ, ಮುಂಬೈನ ಟಾಟಾ ಸ್ಮಾರಕಕ್ಕೆ ನಮ್ಮ ಜನ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸ್ಕ್ಯಾನ್ ಹತ್ತಿರದಲ್ಲೇ ಆಗಲಿ, ಸಿ.ಡಿ. ದೂರ ಹೋಗಲಿ. ವಯಸ್ಸಾದವರನ್ನು ಪ್ರತಿ ಸಲವೂ ರಾತ್ರಿಯಿಡೀ ಪ್ರಯಾಣ ಮಾಡಿಸಿ ದಣಿಸಬೇಕಾಗಿಲ್ಲ. ದೂರದ ತಜ್ಞರು ಒಪ್ಪಿದರೆ, ಅವರು ಹೇಳಿದ ರೀತಿಯಲ್ಲೇ ಇಲ್ಲಿ ಮಾಡಿಸಿ ಚಿತ್ರಗಳನ್ನು ಮನೆಯವರೊಬ್ಬರು ಒಯ್ಯಬಹುದು.

ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗಳಿಗೆ ರಿಯಾಯಿತಿ ಇದೆ. ಚಿಕಿತ್ಸೆಗಷ್ಟೇ ಅಲ್ಲ, ನಿಯತ ತಪಾಸಣೆಗೂ ಅದು ಸಿಗುತ್ತದೆ. ಸ್ಲೀಪರ್ ಮತ್ತು ಮೂರನೇ ದರ್ಜೆಯ ಎ.ಸಿ.ಯಲ್ಲಿ ರೋಗಿಗೆ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ಶೇ 75 ವಿನಾಯಿತಿ. ರೈಲ್ವೆಯ ನಿಗದಿತ ನಮೂನೆಯಲ್ಲಿ ವೈದ್ಯರ ಸಹಿ, ಮುದ್ರೆ ಬೇಕು. ಇದನ್ನು ಕೇಳದೆಯೇ ಎಷ್ಟೋ ಕುಟುಂಬಗಳು ಪೂರ್ತಿ ದುಡ್ಡು ಕೊಟ್ಟು ಓಡಾಡುತ್ತಿವೆ ಎಂಬುದು ನನಗೆ ಸಂಕಟದ ಸಂಗತಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ. ದಾಖಲಾಗದೆ ಮಾಡಿಸುವ ಸ್ಕ್ಯಾನ್‌ಗೆ ಅನ್ವಯವಾಗುತ್ತದೆಯೇ ಎಂಬುದನ್ನು ಮಾಡಿಸುವ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರಲ್ಲಿ ವಿಚಾರಿಸಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದೂ ಕೇಳಿ.

ಸ್ಕ್ಯಾನ್‌ನ ದಿನ

ಬಣ್ಣದ ಔಷಧಿ ಇಲ್ಲದ ಸಿ.ಟಿ.ಗೆ ಉಪವಾಸ ಬೇಡ. ರೊಟ್ಟಿ ತಿಂದು, ಬಿ.ಪಿ. ಮಾತ್ರೆ ತೆಗೆದುಕೊಂಡೇ ಹೋಗಬಹುದು. ಔಷಧಿ ಚುಚ್ಚುವುದಾದರೆ ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆಯಾದ ಕ್ರಿಯಾಟಿನಿನ್‌ನ ಇತ್ತೀಚಿನ ವರದಿ ಜೊತೆಗಿರಲಿ. ಹಿಂದೆ ಅಲರ್ಜಿ ಆಗಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಮುಂಚಿತವಾಗಿ ತಿಳಿಸಿ. ಪೆಟ್ ಸ್ಕ್ಯಾನ್ ಇದ್ದರೆ ಆರು ತಾಸು ನೀರು ಬಿಟ್ಟು ಬೇರೇನೂ ಸೇವಿಸಬಾರದು, ಹಿಂದಿನ ದಿನ ಹೊಲದ ಕೆಲಸ ಬೇಡ. ಮಾಡಿಸಿದ ಮೇಲೆ ಕೆಲವು ತಾಸು ಕೂಸುಗಳನ್ನು ಎತ್ತಿಕೊಳ್ಳಬಾರದು, ಬಸುರಿಯರ ಪಕ್ಕ ಕೂರಬಾರದು. ಕೊರಳಿನ ತಾಳಿ, ಸರ ತೆಗೆಯಬೇಕಾಗುತ್ತದೆ. ತಾಳಿ ತೆಗೆಯಲು ಹಿಂಜರಿಯುವ ಹಿರಿಯರಿಗೆ ಮನೆಯಲ್ಲೇ ತಿಳಿಸಿ ಹೇಳಿದರೆ ಅಲ್ಲಿ ಕಣ್ಣೀರು ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಉಸಿರು. ಪೂರ್ತಿ ಉಸಿರು ಎಳೆದು ಹಿಡಿದಾಗ ಶ್ವಾಸಕೋಶ ಕಪ್ಪಾಗಿ ಕಂಡು ಮಬ್ಬಿನ ಕಲೆ ಎದ್ದು ತೋರುತ್ತದೆ. ಅರ್ಧ ಉಸಿರಿನಲ್ಲಿ ತೆಗೆದರೆ ಇಡೀ ಶ್ವಾಸಕೋಶವೇ ಮಬ್ಬಾಗಿ ಕಾಣಬಹುದು, ಕಲೆಯ ಅಂಚು ಕಲಸಿಹೋಗಬಹುದು. ಆದರೆ ಯಂತ್ರದೊಳಗಿನ ಧ್ವನಿ ಬಹಳ ಕಡೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತದೆ. ಅವ್ವನಿಗೆ ಅದು ಏನು ಹೇಳಿತೆಂದೇ ತಿಳಿದಿರಲಿಲ್ಲ. ಈಗ ಸ್ಕ್ಯಾನ್‌ಗೆ ಒಂದು ವಾರ ಇರುವಾಗಲೇ ಅವಳನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಎರಡೂ ಕೈ ತಲೆಯ ಮೇಲಕ್ಕೆ ಚಾಚಿಸಿ, ಉಸಿರು ಎಳೆದು ಹತ್ತು ಎಣಿಸುವವರೆಗೆ ಹಿಡಿಯುವ ಅಭ್ಯಾಸ ಮಾಡಿಸುತ್ತೇವೆ. ಮೊಮ್ಮಗಳು ಪಕ್ಕದಲ್ಲಿ ನಿಂತು ಎಣಿಸುತ್ತಾಳೆ. ತಂತ್ರಜ್ಞರ ಬಳಿ ‘ದಯವಿಟ್ಟು ಇವರಿಗೆ ಕನ್ನಡದಲ್ಲಿ ನೀವೇ ಹೇಳಿ’ ಎಂದು ವಿನಂತಿಸುತ್ತೇವೆ. ಬೇಸರಿಸದೆ ಹೇಳುತ್ತಾರೆ. ಮರಾಠಿ ಮನೆಮಾತಿನವರು ಮರಾಠಿಯಲ್ಲೇ ಕೇಳಿಕೊಳ್ಳಿ, ಬೆಳಗಾವಿಯಲ್ಲಿ ಅದಕ್ಕೇನೂ ಕಷ್ಟವಿಲ್ಲ.

ವರದಿ ಕೈಗೆ ಬಂದಾಗ

ಮೂರು ಅಳತೆಗಳನ್ನು ಹುಡುಕಿ: ಕಲೆಯ ಒಟ್ಟು ಗಾತ್ರ, ಅದರೊಳಗಿನ ಗಟ್ಟಿ ಭಾಗದ ಗಾತ್ರ, ಮೊಟ್ಟಮೊದಲ ಸ್ಕ್ಯಾನ್‌ನಲ್ಲಿ ಇವೆರಡೂ ಎಷ್ಟಿದ್ದವು. ಒಂದು ಮಿಲಿಮೀಟರ್ ಹೆಚ್ಚು ಕಡಿಮೆ ಆದರೆ ಗಾಬರಿಯಾಗಬೇಡಿ. ಅದೇ ಚಿತ್ರವನ್ನು ಇಬ್ಬರು ಅಳೆದರೂ ಅಷ್ಟು ವ್ಯತ್ಯಾಸ ಬರುತ್ತದೆ. ಸಾಮಾನ್ಯವಾಗಿ 2 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಾದರೆ ಬೆಳವಣಿಗೆ ಎಂದು ಎಣಿಸುತ್ತಾರೆ.

ಆದರೆ ಇಲ್ಲೊಂದು ಮೋಸವಿದೆ. ಮೊದಲು 8 ಮಿ.ಮೀ., ಮುಂದಿನ ಸಲ 9, ಅದರ ಮುಂದಿನ ಸಲ 10 ಎಂದುಕೊಳ್ಳಿ. ಪ್ರತಿ ವರದಿಯೂ ತನ್ನ ಹಿಂದಿನದಕ್ಕೆ ಹೋಲಿಸಿ ‘ಗಮನಾರ್ಹ ಬದಲಾವಣೆ ಇಲ್ಲ’ ಎಂದೇ ಬರೆಯುತ್ತದೆ. ಮೊದಲಿನದಕ್ಕೆ ಹೋಲಿಸಿದರೆ ಬದಲಾವಣೆ ಇದ್ದೇ ಇದೆ. ವ್ಯಾಸ 8ರಿಂದ 10ಕ್ಕೆ ಏರಿದರೆ ಕಲೆಯ ಘನಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಆದ್ದರಿಂದ ರೇಡಿಯಾಲಜಿಸ್ಟರಿಗೆ ಕೊನೆಯ ಸಿ.ಡಿ. ಮಾತ್ರವಲ್ಲ, ಮೊದಲಿನದನ್ನೂ ಕೊಟ್ಟು ಎರಡಕ್ಕೂ ಹೋಲಿಸಿ ಬರೆಯುವಂತೆ ಕೇಳಿಕೊಳ್ಳಬೇಕು. ಕಲೆ ಅಷ್ಟೇ ಇದ್ದು ಒಳಗೆ ಹೊಸದಾಗಿ ಗಟ್ಟಿ ಭಾಗ ಮೂಡಿದ್ದರೆ ಅದು ಒಟ್ಟು ಅಳತೆಗಿಂತ ಹೆಚ್ಚು ಮುಖ್ಯ.

ಸಿ.ಟಿ. ಬದಲು ಎಕ್ಸ್‌ರೇ ತೆಗೆದರಾಗದೇ ಎಂದು ಕೇಳುವವರಿದ್ದಾರೆ. ಆಗದು. ಸಣ್ಣ ಮಬ್ಬಿನ ಕಲೆ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.

ಬೆಳೆದಿದೆ ಎಂದರೆ ಎಲ್ಲ ಮುಗಿಯಿತು ಎಂದಲ್ಲ. ಸಮಯಕ್ಕೆ ಸರಿಯಾಗಿ ಕಂಡ ಸಣ್ಣ ಗಡ್ಡೆಗೆ ಶ್ವಾಸಕೋಶದ ಪೂರ್ತಿ ಹಾಲೆಯ ಬದಲು ಅದರ ಒಂದು ಭಾಗವನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಇಂದು ಒಪ್ಪಿತ ದಾರಿ. ಶಸ್ತ್ರಚಿಕಿತ್ಸೆ ಆಗದವರಿಗೆ ನಿಖರವಾಗಿ ಗುರಿಯಿಟ್ಟು ಕೊಡುವ ವಿಕಿರಣ ಚಿಕಿತ್ಸೆ ಇದೆ. ಬಯಾಪ್ಸಿಗೆಂದು ಗಡ್ಡೆಯಿಂದ ತೆಗೆದ ತುಣುಕಿನ ಮೇಲೆ ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳ ಪರೀಕ್ಷೆ ಬೇಕೇ ಎಂದು ಕೇಳಿ. ಧೂಮಪಾನ ಮಾಡದ ಏಷ್ಯಾದ ರೋಗಿಗಳಲ್ಲಿ ಇಜಿಎಫ್‌ಆರ್ ಬದಲಾವಣೆ ಹೆಚ್ಚಾಗಿ ಕಾಣುತ್ತದೆ, ಅದಕ್ಕೆಂದೇ ಮಾತ್ರೆಗಳಿವೆ.

ನಡುವಿನ ತಿಂಗಳುಗಳು

ಬೀಡಿ ಸೇದುವವರು ಇಂದೇ ಬಿಡಬೇಕು. ನಿಪ್ಪಾಣಿಯ ತಂಬಾಕಿನ ಜೊತೆ ಬದುಕು ಹೆಣೆದುಕೊಂಡ ಊರುಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ ಎಂದು ಗೊತ್ತು, ಆದರೂ ಬೇರೆ ದಾರಿಯಿಲ್ಲ. ಮನೆಯ ಉಳಿದವರೂ ಅಂಗಳದಲ್ಲಿ ಸೇದುವುದನ್ನು ನಿಲ್ಲಿಸಬೇಕು. ಕಟ್ಟಿಗೆ ಒಲೆಯಿಂದ ರೋಗಿಯನ್ನು ದೂರವಿಡಿ. ಕಬ್ಬಿನ ರವದಿಗೆ ಬೆಂಕಿ ಹಚ್ಚುವ ದಿನಗಳಲ್ಲಿ ಕಿಟಕಿ ಮುಚ್ಚಿ, ಸಾಧ್ಯವಾದರೆ ಒಂದೆರಡು ದಿನ ಬೇರೆ ಊರಿಗೆ ಕಳಿಸಿ. ಪಕ್ಕದ ಹೊಲದವರಿಗೆ ಹೇಳಲು ಸಂಕೋಚ ಬೇಡ. ಕಲ್ಲಿನ ಗಣಿ, ಕ್ರಷರ್ ಕೆಲಸದವರು ಕೆಲಸದ ಬಗ್ಗೆ ವೈದ್ಯರಿಗೆ ತಿಳಿಸಲೇಬೇಕು.

ದಿನವೂ ನಡೆಯಲಿ, ಹೊಲಕ್ಕೆ ಹೋಗಿಬರಲಿ. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಯ ಬಗ್ಗೆ ಕೇಳಿ. ಊಟಕ್ಕೆ ಪಥ್ಯದ ಹೆಸರಿನಲ್ಲಿ ಕತ್ತರಿ ಹಾಕಬೇಡಿ. ಜೋಳದ ರೊಟ್ಟಿ, ಕಾಳು ಪಲ್ಯ, ಮೊಸರು, ಶೇಂಗಾ ಹಿಂಡಿ, ತಿನ್ನುವವರಾದರೆ ಮೊಟ್ಟೆ, ಎಲ್ಲವೂ ನಡೆಯುತ್ತದೆ. ವಿಟಮಿನ್ ಡಬ್ಬಿಗಳ ವಿಷಯದಲ್ಲಿ ಎಚ್ಚರವಿರಲಿ. ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇನ್ನಷ್ಟು ಹೆಚ್ಚಿತು ಎಂದು 1990ರ ದಶಕದ ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿದೆ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಬಚ್ಚಿಡಬೇಡಿ.

ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಗೆ ಬೇರೆ ತಾಟು, ಬೇರೆ ಲೋಟ ಇಡುವ ಮನೆಗಳನ್ನು ನಾನು ನೋಡಿದ್ದೇನೆ. ಕಾಯಿಲೆಗಿಂತ ಅದು ಹೆಚ್ಚು ಘಾಸಿ ಮಾಡುತ್ತದೆ.

ಸ್ಕ್ಯಾನ್ ಹತ್ತಿರ ಬಂದಂತೆ ನಿದ್ದೆ ಕೆಡುವುದು, ಸಿಡುಕುವುದು ಸಹಜ. ಸ್ಕ್ಯಾನ್ ಮತ್ತು ವೈದ್ಯರ ಭೇಟಿ ಒಂದೇ ದಿನ ಅಥವಾ ಮರುದಿನವೇ ಇರುವಂತೆ ಹೊಂದಿಸಿಕೊಂಡರೆ ನಡುವಿನ ಚಡಪಡಿಕೆ ತಗ್ಗುತ್ತದೆ. ವರದಿಯ ಕಾಗದವನ್ನು ಬಸ್ಸಿನಲ್ಲಿ ಕುಳಿತು ಮೊಬೈಲ್‌ನಲ್ಲಿ ಹುಡುಕುತ್ತ ಓದಬೇಡಿ. ನೆಂಟರಿಗೆಲ್ಲ ಉತ್ತರ ಕೊಡಲು ಮನೆಯಲ್ಲಿ ಒಬ್ಬರನ್ನು ಗೊತ್ತುಪಡಿಸಿ. ರೋಗಿಯಿಂದ ವಿಷಯ ಮುಚ್ಚಿಡುವುದರಿಂದ ಒಳಿತಾದದ್ದನ್ನು ನಾನು ಕಂಡಿಲ್ಲ. ‘ಒಂದು ಕಲೆ ಇದೆ, ನಿಧಾನದ್ದು, ಕಣ್ಣಿಟ್ಟಿದ್ದೇವೆ’ ಎಂದು ಹೇಳಿದ ಮೇಲೆ ಅವ್ವ ಪ್ರಶ್ನೆಗಳನ್ನು ತಾನೇ ನೆನಪಿಟ್ಟು ವೈದ್ಯರನ್ನು ಕೇಳತೊಡಗಿದಳು. ಆತಂಕ ಹಿಡಿತಕ್ಕೆ ಸಿಗದಿದ್ದರೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸರದಿಗೆ ಕಾಯಬಾರದ ಲಕ್ಷಣಗಳು

ಕಫದಲ್ಲಿ ರಕ್ತ, ಮೂರು ವಾರ ದಾಟಿದ ಹೊಸ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು, ಗಂಟಲು ಕಟ್ಟಿದ ಧ್ವನಿ ಸರಿಹೋಗದಿರುವುದು, ರಾತ್ರಿ ಹೆಚ್ಚಾಗುವ ಮೂಳೆ ನೋವು ಕಂಡರೆ ಮುಂದಿನ ದಿನಾಂಕ ಎಷ್ಟೇ ದೂರವಿದ್ದರೂ ಆ ವಾರವೇ ವೈದ್ಯರನ್ನು ಕಾಣಿ. ಹಿಂದೆಂದೂ ಇಲ್ಲದ ತಲೆನೋವಿನ ಜೊತೆ ವಾಂತಿ, ಫಿಟ್ಸ್, ಕೈಕಾಲಿನ ಶಕ್ತಿ ಕುಂದುವುದು, ಮುಖ ಮತ್ತು ಕೊರಳು ಊದಿಕೊಳ್ಳುವುದು, ಬಾಯಿತುಂಬ ರಕ್ತ, ಕೂತಲ್ಲೇ ಏದುಸಿರು ಕಂಡರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.